ಮುನ್ನೂರು ಬೀಜದುಂಡೆ ಮತ್ತು ಒಂದು ಅರ್ಜಿ

ಮೂವತ್ತಮೂರು ವರ್ಷ ಕೇಂದ್ರ ಸರ್ಕಾರದ ಕಡತಗಳ ಮೇಲೆ ಟಿಪ್ಪಣಿ ಬರೆದವಳು ನಿವೃತ್ತಳಾಗಿ ಮನೆಯಲ್ಲಿ ಕೂತರೆ ಮನೆಯವರಿಗೆ ಕಷ್ಟ. ಹಾಲು ಒಡೆದರೂ ನಾನು "ಇದಕ್ಕೆ ಯಾರು ಹೊಣೆ?" ಎಂದು ಕೇಳುತ್ತಿದ್ದೆ. ತರಕಾರಿ ಭಯ್ಯಾ ಮೆಂತ್ಯದ ಸೊಪ್ಪು ತರದಿದ್ದರೆ ಹಿಂದಿನ ವಾರ ಅವನೇ ಕೊಟ್ಟ ಮಾತನ್ನು ವಾರ, ಹೊತ್ತು ಸಮೇತ ಎತ್ತಿ ಹೇಳುತ್ತಿದ್ದೆ. ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸ್ ಬಿಟ್ಟು ಮಯೂರ್ ವಿಹಾರದ ಸೊಸೈಟಿ ಫ್ಲಾಟಿಗೆ ಬಂದ ಎರಡೇ ತಿಂಗಳಲ್ಲಿ ನನ್ನ ಗಂಡ ಪೇಪರಿನಿಂದ ಮುಖ ಎತ್ತದೆಯೇ, "ನಿನಗೊಂದು ಫೈಲು ಬೇಕು ಕಣೇ. ಇಲ್ದಿದ್ರೆ ನನ್ನನ್ನೇ ಟ್ಯಾಗು ಹಾಕಿ ಕಟ್ಟಿಡ್ತೀಯ" ಎಂದರು.

ಫೈಲು ಸಿಕ್ಕಿದ್ದು ನಮ್ಮ ಅಡುಗೆಮನೆಯ ಕಿಟಕಿಯಲ್ಲಿ. ಸೊಸೈಟಿಯ ಹಿಂಗೋಡೆಗೂ ಆಚೆಯ ಕೊಳಚೆ ನಾಲಾಕ್ಕೂ ನಡುವೆ ಉದ್ದಕ್ಕೆ ಒಂದು ಪಟ್ಟಿ ಜಾಗವಿದೆ. ಅದು ಯಾರದು ಎಂದು ಕೇಳಿದರೆ ಸೊಸೈಟಿಯವರು ನಾಲಾ ಇಲಾಖೆಯದು ಎನ್ನುತ್ತಾರೆ, ಇಲಾಖೆಯವರು ಸೊಸೈಟಿಯದು ಎನ್ನುತ್ತಾರೆ. ಯಾರದೂ ಅಲ್ಲದ್ದರಿಂದ ಎಲ್ಲರೂ ಅಲ್ಲಿ ತಮ್ಮದನ್ನು ತಂದು ಹಾಕುತ್ತಿದ್ದರು. ಬಾತ್‌ರೂಮು ಒಡೆದ ಇಟ್ಟಿಗೆ, ಟೈಲ್ಸು, ಒಂದು ಗುಲಾಬಿ ಬಣ್ಣದ ವಾಶ್‌ಬೇಸಿನ್, ಚೌತಿ ಮುಗಿದ ಮೇಲೆ ಗೋಣಿಚೀಲದಲ್ಲಿ ದೇವರು. ನಾನು ದಿನಾ ಪಾತ್ರೆ ತೊಳೆಯುತ್ತ ಅದನ್ನು ನೋಡಿ ಸಿಟ್ಟಾಗುತ್ತಿದ್ದೆ, ಸಿಟ್ಟಾಗುವುದಕ್ಕೆ ಒಂದು ಕಾರಣ ಸಿಕ್ಕಿತಲ್ಲ ಎಂದು ಒಳಗೊಳಗೇ ಸಂತೋಷಪಡುತ್ತಲೂ ಇದ್ದೆ.

ಆ ಜಾಗದ ಒಂದು ತುದಿಯಲ್ಲಿ, ಹಿಂಬಾಗಿಲ ಗೇಟಿನ ಪಕ್ಕ, ಒಂದು ಮುಳ್ಳಿನ ಮರವಿತ್ತು. ಅದರ ಕೆಳಗೆ ಇಟ್ಟಿಗೆಯ ಮೇಲೆ ಹಲಗೆ ಜೋಡಿಸಿ, ಅದರ ಮೇಲೆ ಕಂಬಳಿ ಹಾಸಿ, ಇದ್ದಿಲಿನ ಇಸ್ತ್ರಿಪೆಟ್ಟಿಗೆ ಇಟ್ಟುಕೊಂಡು ಒಬ್ಬ ಹೆಂಗಸು ಇಡೀ ಸೊಸೈಟಿಯ ಬಟ್ಟೆಗೆ ಇಸ್ತ್ರಿ ಹಾಕುತ್ತಾಳೆ. ನಾವೆಲ್ಲ ಅವಳನ್ನು ಭಾಭಿ ಎನ್ನುತ್ತೇವೆ. ಅವಳ ಮಾವ ನಿಂತ ಜಾಗ ಅದು, ಆಮೇಲೆ ಗಂಡ ನಿಂತ, ಅವನು ಹೋದ ಮೇಲೆ ಇವಳು. ನನ್ನ ಕಾಟನ್ ಸೀರೆಗಳನ್ನು ಅವಳ ಹಾಗೆ ಮಡಿಸುವವರು ದೆಹಲಿಯಲ್ಲಿ ಬೇರೆ ಸಿಕ್ಕಿಲ್ಲ. ಕೆಂಡ ತುಂಬಿದ ಪೆಟ್ಟಿಗೆಯ ಮುಂದೆ ಜೂನ್ ತಿಂಗಳಲ್ಲಿ ನಿಲ್ಲುವುದೆಂದರೆ ಏನೆಂದು ನಾನು ಯೋಚಿಸಿರಲಿಲ್ಲ. ಅವಳೇ ಒಮ್ಮೆ ಹೇಳಿದ್ದಳು: "ಈ ಮರ ಇದೆ ಅಂತ ನನ್ನ ಮೇಜಿದೆ ದೀದಿ. ಮಧ್ಯಾಹ್ನದ ಬಿಸಿಲು ತಡೆಯೋದು ಇದೊಂದೇ." ನಮ್ಮ ಮಾತೆಲ್ಲ ಹಿಂದಿಯಲ್ಲಿ ನಡೆಯುತ್ತಿತ್ತು. ನಾನು ಅದನ್ನು ಇಲ್ಲಿ ನನ್ನ ಕನ್ನಡಕ್ಕೆ ಎಳೆದುಕೊಂಡಿದ್ದೇನೆ.

ಬೀಜದುಂಡೆಯ ವಿಡಿಯೋ ಬಂದದ್ದು ವಾಟ್ಸಾಪಿನಲ್ಲಿ. ಜೇಡಿಮಣ್ಣು, ಗೊಬ್ಬರ, ಒಳಗೆ ಬೀಜ. ಉಂಡೆ ಕಟ್ಟಿ, ಒಣಗಿಸಿ, ಪಾಳು ಜಾಗಕ್ಕೆ ಎಸೆದುಬಿಡುವುದು. ಮಳೆ ಬಂದಾಗ ಅದು ತಾನೇ ಬಿಚ್ಚಿಕೊಂಡು ಮೊಳೆಯುತ್ತದೆ. ನೀರು ಹಾಕಬೇಕಿಲ್ಲ, ಯಾರ ಅನುಮತಿಯೂ ಬೇಕಿಲ್ಲ. ಜೀವಮಾನವಿಡೀ ಅನುಮತಿಗೆ ಕಾದವಳಿಗೆ ಈ ಕೊನೆಯ ಮಾತು ಬಹಳ ಹಿಡಿಸಿತು. ಗುರುಗ್ರಾಮದಲ್ಲಿ ಕೆಲಸ ಮಾಡುವ ಮಗಳಿಗೆ ಫೋನು ಮಾಡಿ ಹೇಳಿದೆ. ಅವಳು, "ಅಮ್ಮಾ, ಸೀರಿಯಸ್ಲಿ? ಮೊದ್ಲು ಬಾಲ್ಕನಿಯ ಮನೀಪ್ಲಾಂಟ್ ತೋ ಬಚಾವ್" ಎಂದಳು.

ಮಗಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಾನು ಹುಟ್ಟಿ ಬೆಳೆದದ್ದು ಮೈಸೂರಿನ ವಠಾರದಲ್ಲಿ. ನಮ್ಮ ವಠಾರದ ಎಂಟು ಮನೆಗೂ ಸೇರಿ ಇದ್ದ ಸಸ್ಯಸಂಪತ್ತೆಂದರೆ ಒಂದು ತುಳಸಿಕಟ್ಟೆ, ಅದರ ಉಸ್ತುವಾರಿಯೂ ಪಕ್ಕದ ಮನೆಯವರದು. ಆದರೆ ದೆಹಲಿಯವರಿಗೆ ಒಂದು ನಂಬಿಕೆಯಿದೆ: ದಕ್ಷಿಣದಿಂದ ಬಂದವರೆಲ್ಲ ತೆಂಗಿನ ತೋಪಿನಿಂದಲೇ ಎದ್ದು ಬಂದವರು. "ನಿಮಗೆ ಗಿಡಮರದ ವಿಷಯ ಗೊತ್ತಿರುತ್ತೆ ಬಿಡಿ" ಎಂದು ಸೊಸೈಟಿಯವರು ಎಷ್ಟೋ ಸಲ ಹೇಳಿದ್ದರು. ನಾನು ಒಮ್ಮೆಯೂ ಇಲ್ಲ ಎಂದಿರಲಿಲ್ಲ. ಮುಗುಳ್ನಕ್ಕು ಸುಮ್ಮನಿದ್ದೆ, ಕೊನೆಕೊನೆಗೆ ನನಗೂ ಅದು ನಿಜವೆನ್ನಿಸತೊಡಗಿತು.

ಮೇ ತಿಂಗಳಲ್ಲಿ ಒಂದು ಪಾರ್ಕಿನಲ್ಲಿ ಉಪನ್ಯಾಸ ಕೇಳಿ ಬಂದ ಮೇಲಂತೂ ಕೇಳುವುದೇ ಬೇಡ. ದೆಹಲಿಯ ಸ್ವಂತದ ಮರ ದೇಸಿ ಕೀಕರ್, ನಮ್ಮ ಕಡೆಯ ಕರಿಜಾಲಿ. ಅದನ್ನು ಹಿಂದಕ್ಕೆ ತಳ್ಳಿ ಎಲ್ಲೆಲ್ಲೂ ಹಬ್ಬಿರುವುದು ಹೊರಗಿನಿಂದ ತಂದ ವಿಲಾಯತಿ ಕೀಕರ್. ಅದು ತನ್ನ ಸುತ್ತ ಬೇರೆ ಗಿಡವನ್ನು ಏಳಲು ಬಿಡುವುದಿಲ್ಲ. ಈ ವಿಲಾಯತಿ ಎಂದರೆ ನಮ್ಮ ಬಳ್ಳಾರಿ ಜಾಲಿಯೇ ಎಂದು ತಿಳಿದಾಗ ಕೂತಲ್ಲೇ ಬೀಗಿದೆ. ಬಳ್ಳಾರಿ ಜಾಲಿ ನನಗೆ ಗೊತ್ತಿಲ್ಲವೇ! ಚಳ್ಳಕೆರೆಯ ಕಡೆಗೆ ಎರಡು ಸಲ ಮದುವೆಗೆ ಹೋದಾಗ ಬಸ್ಸಿನ ಕಿಟಕಿಯಿಂದ ನೋಡಿದ್ದೆ.

ಅಲ್ಲಿಂದ ಮುಂದೆ ನನ್ನ ತಲೆ ಕಚೇರಿಯ ಕ್ರಮದಲ್ಲೇ ಓಡಿತು. ಬಸ್ಸಿನಿಂದ ಕಂಡ ಬಳ್ಳಾರಿ ಜಾಲಿ ಪೊದೆಯಾಗಿತ್ತು, ಆದ್ದರಿಂದ ಮರದಷ್ಟು ಎತ್ತರ ಬೆಳೆದದ್ದು ದೇಸಿ. ಬಳ್ಳಾರಿ ಜಾಲಿಯ ಮುಳ್ಳು ಟೈರನ್ನೇ ಪಂಕ್ಚರ್ ಮಾಡುತ್ತದೆಂದು ಕಂಡಕ್ಟರ್ ಹೇಳಿದ್ದ, ಆದ್ದರಿಂದ ಉದ್ದ ಮುಳ್ಳಿನದು ವಿಲಾಯತಿ. ದೆಹಲಿಯೊಳಗೇ ಇರುವ ಗುಡ್ಡದ ಕಾಡಿಗೆ ಹೋಗಿ ಎತ್ತರದ ಮರಗಳ ಕೆಳಗೆ ಬಿದ್ದಿದ್ದ ಕಾಯಿಗಳನ್ನು ಎರಡು ಬ್ಯಾಗು ತುಂಬ ಆರಿಸಿದೆ. ಭಾಭಿಯ ಮರಕ್ಕೆ ಬೆರಳುದ್ದದ ಬಿಳಿ ಮುಳ್ಳಿತ್ತು. ಆ ಮರ ವಿಲಾಯತಿ ಎಂದು ಮನಸ್ಸಿನಲ್ಲೇ ಷರಾ ಬರೆದು ಸಹಿ ಹಾಕಿದೆ. ಯಾರನ್ನಾದರೂ ಒಂದು ಮಾತು ಕೇಳಬಹುದಿತ್ತು. ಆದರೆ ಕೇಳಿದರೆ ಗೊತ್ತಿಲ್ಲ ಎಂದಾಗಿಬಿಡುತ್ತದಲ್ಲ.

ಉಂಡೆ ಕಟ್ಟುವ ಕೆಲಸಕ್ಕೆ ಕೆಳಗಿನ ಮನೆಯ ಕರ್ನಲ್ ಸೇರಿಕೊಂಡರು. ಕೊಡಗಿನವರು, ನಿವೃತ್ತರು, ಹೆಂಡತಿ ಮಡಿಕೇರಿಗೆ ಹೋದಾಗಲೆಲ್ಲ ಊಟಕ್ಕೆ ನಮ್ಮಲ್ಲಿಗೆ ಬರುವವರು. ನನ್ನ ಮಾತು ಮುಗಿಯುವ ಮೊದಲೇ, "ಮೇಡಂ, ಸಗಣಿ ನನ್ನ ಜವಾಬ್ದಾರಿ" ಎಂದರು. ಮಾರನೆಯ ದಿನ ನಾಲಾದಾಚೆಯ ಗೋಶಾಲೆಯಿಂದ ಎರಡು ಬಕೆಟ್ ಸಗಣಿಯನ್ನು ತಮ್ಮ ಕಾರಿನ ಹಿಂದಿನ ಸೀಟಿನಲ್ಲಿ, ಬೆಲ್ಟ್ ಹಾಕಿ, ತಂದರು. ಕಾರು ತಿಂಗಳುಗಟ್ಟಲೆ ಕೊಟ್ಟಿಗೆಯ ವಾಸನೆ ಹೊಡೆಯಿತೆಂದು ಅವರ ಹೆಂಡತಿ ಈಗಲೂ ನನ್ನೊಡನೆ ಅರ್ಧ ಮಾತಾಡುತ್ತಾರೆ.

ತಾರಸಿಯ ಮೇಲೆ ಹಳೆಯ ಬೆಡ್‌ಶೀಟು ಹಾಸಿ ಕೂತೆವು. ಬೀಜವನ್ನು ಹಿಂದಿನ ದಿನವೇ ಬಿಸಿನೀರಿನಲ್ಲಿ ನೆನೆಸಿಟ್ಟಿದ್ದೆ. ಗಂಡ ಮಣ್ಣು ನಾದಿದರು, ಕರ್ನಲ್ ಅಳತೆ ಮಾಡಿದರು, ನಾನು ಉಂಡೆ ಕಟ್ಟಿದೆ. ಗಿಡ ಬೆಳೆಸಲು ಬರದಿದ್ದರೇನು, ಉಂಡೆ ಕಟ್ಟಲು ಬರುವುದಿಲ್ಲವೇ? ತಂಬಿಟ್ಟು, ರವೆ ಉಂಡೆ, ಚಿಗಳಿ, ಎಲ್ಲ ಕಟ್ಟಿದ ಕೈ ಇದು. ಅಂಗೈಯಲ್ಲಿ ಎರಡು ಸುತ್ತು ತಿರುಗಿಸಿದರೆ ಬಿರುಕಿಲ್ಲದ ನುಣುಪಾದ ಉಂಡೆ. ಕರ್ನಲ್ ಕಟ್ಟಿದ್ದು ಮಾತ್ರ ಫಿರಂಗಿಯ ಗುಂಡಿನ ಗಾತ್ರಕ್ಕೆ ಬರುತ್ತಿತ್ತು, ಒಣಗಿದ ಮೇಲೆ ಗಟ್ಟಿಯೂ ಅಷ್ಟೇ. ಮೂರು ಭಾನುವಾರದಲ್ಲಿ ಮುನ್ನೂರು ಉಂಡೆಯಾದವು. ತಾರಸಿಗೆ ಬಂದ ಎದುರು ಮನೆಯ ಪಂಜಾಬಿ ಆಂಟಿ ತಟ್ಟೆ ತುಂಬ ಜೋಡಿಸಿಟ್ಟದ್ದನ್ನು ನೋಡಿ, ನಿಮ್ಮ ಕಡೆಯ ಲಾಡುವೇ ಎಂದು ಕೇಳಿದರು. ಅಷ್ಟು ಚೆನ್ನಾಗಿ ಬಂದಿದ್ದವು ಎಂಬ ಹೆಮ್ಮೆಯಲ್ಲಿ ನಾನು ಅಲ್ಲ ಎನ್ನಲು ಸ್ವಲ್ಪ ತಡಮಾಡಿದೆ. ಅವರು ಕೈ ಚಾಚಿದಾಗ ಗಂಡನೇ ತಡೆದರು.

ಇಷ್ಟಕ್ಕೆ ನಿಂತಿದ್ದರೆ ನಾನೊಬ್ಬಳು ನಿರುಪದ್ರವಿ ಮುದುಕಿಯಾಗಿ ಉಳಿಯುತ್ತಿದ್ದೆ. ಆದರೆ ದೇಸಿ ಮರಗಳಿಗೆ ನೆಲ ಸಿದ್ಧಮಾಡಬೇಕಾದರೆ ಅಲ್ಲಿರುವ ವಿಲಾಯತಿ ಹೋಗಬೇಕು ಎಂದು ನನ್ನ ತರ್ಕ ಹೇಳಿತು. ತೋಟಗಾರಿಕೆ ಕಚೇರಿಗೆ ಅರ್ಜಿ ಬರೆಯಲು ಕೂತೆ. ಮೂರು ಕರಡು ಮಾಡಿದೆ. ಮರದ ಜಾಗವನ್ನು ಗೇಟಿನಿಂದ ಎಷ್ಟು ಹೆಜ್ಜೆ ಎಂದು ಅಳೆದು ಬರೆದೆ, ತಪ್ಪಿಸಿಕೊಳ್ಳಲು ಯಾರಿಗೂ ಸಂದು ಬಿಡಲಿಲ್ಲ. ಆದರೂ ದೆಹಲಿಯಲ್ಲಿ ಮರ ಕಡಿಯಲು ಅನುಮತಿ ಸುಲಭಕ್ಕೆ ಸಿಗುವುದಿಲ್ಲ. ಅದಕ್ಕೇ ಕೊನೆಯಲ್ಲಿ ಒಂದು ಸಾಲು ಸೇರಿಸಿದೆ: ಮರವು ರಸ್ತೆಯ ಕಡೆಗೆ ಅಪಾಯಕಾರಿಯಾಗಿ ವಾಲಿದ್ದು ಜೀವಹಾನಿಯ ಸಂಭವವನ್ನು ತಳ್ಳಿಹಾಕಲಾಗದು. ಮರ ವಾಲಿದ್ದೇನೋ ಹೌದು, ಆದರೆ ಅದು ವಾಲಿದ್ದು ಭಾಭಿಯ ಮಾವನ ಕಾಲದಲ್ಲೇ, ಆಮೇಲೆ ಒಂದಂಗುಲವೂ ಮುಂದೆ ಬಂದಿರಲಿಲ್ಲ. ಆದರೆ ಜೀವಹಾನಿ ಎಂದು ಬರೆದ ಕಾಗದದ ಮೇಲೆ ಯಾವ ಅಧಿಕಾರಿಯೂ ಕೂರುವುದಿಲ್ಲ. ನಾನೇ ಕೂತಿರಲಿಲ್ಲವಲ್ಲ.

ಅರ್ಜಿ ಕೊಟ್ಟು ಬಂದ ಸಂಜೆ ಭಾಭಿಗೆ ಹೇಳಿದೆ. ಹೇಳದೆ ಮಾಡುವವಳಲ್ಲ ನಾನು ಎಂಬ ಅಭಿಮಾನ ಬೇರೆ.

"ಈ ಮರ ಹೊರಗಿನದು ಭಾಭಿ. ನೆಲ ಒಣಗಿಸುತ್ತೆ. ತೆಗೆಸೋಕೆ ಬರೆದಿದ್ದೀನಿ."

ಅವಳು ಪೆಟ್ಟಿಗೆಯನ್ನು ನಿಲ್ಲಿಸಿ ಮೇಲೆ ನೋಡಿದಳು. "ಇದು ಕೀಕರ್ ಅಲ್ವಾ ದೀದಿ?"

"ಹೌದು, ವಿಲಾಯತಿ ಕೀಕರ್."

"ಅಚ್ಛಾ," ಎಂದಳು. ಕೆಂಡ ಕೆದಕುತ್ತ, "ಇದು ಹೋದರೆ ನಾನೆಲ್ಲಿ ನಿಲ್ಲಲಿ?" ಎಂದು ಕೇಳಿದಳು.

"ಇದಕ್ಕಿಂತ ಒಳ್ಳೇ ಮರಗಳು ಬರ್ತವೆ. ನಾವೇ ಬೀಜ ಹಾಕ್ತಿದ್ದೀವಲ್ಲ."

"ಅವು ನೆರಳು ಕೊಡೋದು ಯಾವಾಗ?"

ಎಂಟು ಹತ್ತು ವರ್ಷ ಎಂದು ನನಗೆ ಗೊತ್ತಿತ್ತು. ಸರ್ಕಾರದ ಕೆಲಸ, ಅಷ್ಟು ಬೇಗ ಏನೂ ಆಗುವುದಿಲ್ಲ, ಚಿಂತೆ ಮಾಡಬೇಡ ಎಂದು ಹೇಳಿ ಸೀರೆ ಎತ್ತಿಕೊಂಡು ಮೇಲೆ ಬಂದೆ. ನಿಜವಾಗಿಯೂ ಹಾಗೆಯೇ ನಂಬಿದ್ದೆ. ಊರಿಗೆಲ್ಲ ಉಪದೇಶ ಮಾಡುವಾಗಲೂ ನನ್ನ ಅರ್ಜಿಯನ್ನು ಯಾರೂ ಓದುವುದಿಲ್ಲ ಎಂಬ ಧೈರ್ಯ ಒಳಗಿತ್ತು. ಅವಳಿಗೆ ಆ ಧೈರ್ಯ ಇರಲಿಲ್ಲ. ಆ ವಾರದಿಂದ ಅವಳು ನಮ್ಮ ಬಟ್ಟೆ ಕೊಡುವಾಗಲೆಲ್ಲ "ಅರ್ಜಿ ಏನಾಯ್ತು ದೀದಿ?" ಎಂದು ಕೇಳುತ್ತಿದ್ದಳು, ನಾನು "ಏನೂ ಇಲ್ಲ" ಎನ್ನುತ್ತಿದ್ದೆ, ಅವಳು ತಲೆಯಾಡಿಸುತ್ತಿದ್ದಳು.

ಜೂನ್ ಕೊನೆಯಲ್ಲಿ, ಮೋಡ ಕಟ್ಟಿದ ಒಂದು ಬೆಳಿಗ್ಗೆ, ಉಂಡೆ ಎಸೆಯುವ ಕಾರ್ಯಕ್ರಮ. ಕರ್ನಲ್ ಹಿಂದಿನ ದಿನವೇ ಜಾಗದ ನಕ್ಷೆ ಬರೆದು ಮೂರು ಭಾಗ ಮಾಡಿದ್ದರು. ಎಡಪಾರ್ಶ್ವ ನನ್ನ ಗಂಡನದು, ಬಲಪಾರ್ಶ್ವ ನನ್ನದು, ನಡುವೆ ಅವರು. ಮೂವರ ವಯಸ್ಸು ಕೂಡಿದರೆ ಇನ್ನೂರರ ಹತ್ತಿರ ಬರುತ್ತದೆ. "ಫೈರ್!" ಎಂದು ಅವರು ಕೂಗಿದಾಗ ಗಂಡನ ಭುಜ ಕಟಕ್ ಎಂದಿತು, ಅವರು ಯುದ್ಧದಿಂದ ಹಿಂದೆ ಸರಿದು ಗೋಡೆಗೆ ಒರಗಿದರು. ಕರ್ನಲ್ ಎಸೆದ ಫಿರಂಗಿ ಗುಂಡು ಗುಲಾಬಿ ವಾಶ್‌ಬೇಸಿನ್ನಿಗೆ ಬಡಿದು ಬೇಸಿನ್ನೇ ಸೀಳಿತು, ಉಂಡೆಗೇನೂ ಆಗಲಿಲ್ಲ. ನನ್ನದೊಂದು ಉಂಡೆ ಎಲ್ಲಿಗೋ ಹೊರಟು ಇನ್ನೆಲ್ಲಿಗೋ ತಿರುಗಿ, ಭಾಭಿ ಆಗಷ್ಟೇ ಇಸ್ತ್ರಿ ಮಾಡಿ ಪೇರಿಸಿದ್ದ ಯಾರದೋ ಬಿಳಿ ಕುರ್ತಾಗಳ ಮೇಲೆ ಬಿದ್ದು ಪುಡಿಯಾಯಿತು. ಅವಳು ಆ ಮೇಲಿನ ಕುರ್ತಾವನ್ನು ಕೊಡವಿ, ಪಕ್ಕಕ್ಕಿಟ್ಟು, ಕೆಂಡ ಊದಿಕೊಂಡಳು.

ಮಳೆ ಬಂತು. ಜುಲೈ ಅರ್ಧದಲ್ಲಿ ಒಂದು ದಿನ ಕಿಟಕಿಯಿಂದ ನೋಡಿದರೆ ಇಟ್ಟಿಗೆ ಚೂರುಗಳ ನಡುವೆ ಹಸಿರು. ಓಡಿದೆ. ಎಲ್ಲೆಲ್ಲೂ ಮೊಳಕೆ! ಮನೀಪ್ಲಾಂಟನ್ನೂ ಸಾಯಿಸಿದ ಕೈಯಿಂದ ಇಷ್ಟೊಂದು ಜೀವ. ಬೆಳೆಯುವ ಸಿರಿ ಮೊಳಕೆಯಲ್ಲಿ ಎಂದು ಫೋಟೋದ ಕೆಳಗೆ ಬರೆದು ಐದು ಗುಂಪಿಗೆ ಕಳಿಸಿದೆ. ಚಾಣಕ್ಯಪುರಿಯಲ್ಲಿ ಕನ್ನಡದವರದೊಂದು ಊಟದ ಕೂಟವಿತ್ತು, ಅಲ್ಲಿ ಮೈಕು ಸಿಕ್ಕಿತು. ದೇಸಿ ಸಸ್ಯಗಳ ಬಗ್ಗೆ, ವಿದೇಶಿ ಸಸ್ಯಗಳ ದುರಾಕ್ರಮಣದ ಬಗ್ಗೆ ಹತ್ತು ನಿಮಿಷ ಎಂದು ಹೇಳಿ ಅರ್ಧ ಗಂಟೆ ಮಾತಾಡಿದೆ. ಬಿಸಿಬೇಳೆಭಾತ್ ಆರಿಹೋಯಿತೆಂದು ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದ್ದು ಮೈಕಿನಲ್ಲೂ ಕೇಳಿಸಿತು. ಭಾಭಿ ಮಾತ್ರ ಮೊಳಕೆಗಳ ಹತ್ತಿರ ಕುಕ್ಕರಗಾಲಲ್ಲಿ ಕೂತು ನೋಡಿ, "ಇವು ಬಹಳ ಬೇಗ ಹಬ್ತವೆ ದೀದಿ" ಎಂದಿದ್ದಳು. ಹೊಗಳಿಕೆ ಎಂದುಕೊಂಡು ನಾನು ಥ್ಯಾಂಕ್ಸ್ ಹೇಳಿದ್ದೆ.

ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ, ದೋಸೆ ಹೊಯ್ಯುತ್ತಿದ್ದಾಗ, ಹಿಂದುಗಡೆ ಗರಗಸದ ಸದ್ದು ಕೇಳಿಸಿತು. ಕಿಟಕಿಯಿಂದ ನೋಡಿದರೆ ಒಂದು ಲಾರಿ, ಹಗ್ಗ, ಮರದ ಮೇಲೆ ಒಬ್ಬ ಮನುಷ್ಯ, ಕೆಳಗೆ ಕೈಯಲ್ಲಿ ಕಾಗದ ಹಿಡಿದ ಎಳೆಯ ಇನ್ಸ್‌ಪೆಕ್ಟರ್. ಆ ಕ್ಷಣ ನನಗೆ ಏನನ್ನಿಸಿತೆಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ಹೆಮ್ಮೆಯಾಯಿತು. "ರೀ, ನನ್ನ ಅರ್ಜಿ ಮೂವ್ ಆಗಿದೆ!" ಎಂದು ಗಂಡನನ್ನು ಕೂಗಿದೆ. ಸರ್ವಿಸಿನಲ್ಲಿದ್ದಾಗ ನನ್ನ ಯಾವ ಕಾಗದವೂ ಮೂರು ತಿಂಗಳಲ್ಲಿ ಕೆಲಸ ಮಾಡಿರಲಿಲ್ಲ. ಇನ್ಸ್‌ಪೆಕ್ಟರಿಗೆ ಚಹಾ ಮಾಡಿ ಲೋಟದಲ್ಲಿ ಹಾಕಿಕೊಂಡು ಇಳಿದೆ.

ಇಳಿದಾಗ ಭಾಭಿ ಮೇಜಿನ ಹಲಗೆಗಳನ್ನು ಒಂದೊಂದಾಗಿ ಎಳೆದು ಗೋಡೆಯ ಬದಿಗೆ ಇಡುತ್ತಿದ್ದಳು. ಒಂದು ಕೈಯಲ್ಲಿ ಕೆಂಡ ತುಂಬಿದ ಪೆಟ್ಟಿಗೆ, ಕಂಕುಳಲ್ಲಿ ಯಾರದೋ ಬಟ್ಟೆಯ ಗಂಟು. ಅಷ್ಟರಲ್ಲಿ ಪಶ್ಚಿಮದ ದೊಡ್ಡ ಕೊಂಬೆ ಹಗ್ಗದ ಸಮೇತ ಕೆಳಗೆ ಬಂತು. ಅವಳ ಮೇಜಿದ್ದ ಜಾಗದಲ್ಲಿ ಬಿಸಿಲು ಬಿತ್ತು. ನನ್ನ ಕೈಯ ಚಹಾ ಆಗ ಭಾರವೆನ್ನಿಸಿತು.

ಗರಗಸದವನು ಮೇಲಿನಿಂದಲೇ ಕೂಗಿದ: "ಸಾಹೇಬ್, ಇದನ್ನು ವಿಲಾಯತಿ ಅಂತ ಯಾರು ಬರೆದದ್ದು? ಯೇ ತೋ ದೇಸಿ ಕೀಕರ್ ಹೈ." ಒಂದು ಕಡ್ಡಿ ಮುರಿದು, ಮುಳ್ಳು ಸವರಿ, ಹಲ್ಲಿಗೆ ಹಾಕಿಕೊಂಡು ಜಗಿಯತೊಡಗಿದ. "ದಾತೂನ್, ಹಲ್ಲುಜ್ಜೋ ಕಡ್ಡಿ, ಮಾಡೋ ಮರ ಇದು."

ಇಲ್ಲಿಯೂ ನಾನು ಸುಮ್ಮನಾಗಲಿಲ್ಲ. ಅವನಿಗೇ ಪಾಠ ಹೇಳಲು ನಿಂತೆ. ದೇಸಿ ಎಂದರೆ ಹೇಗಿರುತ್ತದೆ ತೋರಿಸುತ್ತೇನೆ ಇರು ಎಂದು ಮೇಲೆ ಓಡಿ, ಉಳಿದಿದ್ದ ಕಾಯಿಗಳ ಡಬ್ಬ ತಂದು ಮುಚ್ಚಳ ತೆಗೆದೆ. ಹಳದಿ ಬಣ್ಣದ, ಅಲಸಂದೆಯ ಹಾಗೆ ಉದ್ದುದ್ದನೆಯ ಕಾಯಿಗಳು. ಗರಗಸದವನು ಇಳಿದು ಬಂದು ಇಣುಕಿದ. ಇನ್ಸ್‌ಪೆಕ್ಟರ್ ಇಣುಕಿದ. ಭಾಭಿ ಮರದ ಬುಡದಿಂದ ಒಂದು ಒಣಕಾಯಿ ಹೆಕ್ಕಿ ತಂದು ನನ್ನ ಡಬ್ಬದ ಪಕ್ಕ ಹಿಡಿದಳು. ಬೂದು ಬಣ್ಣದ್ದು, ಮಣಿ ಪೋಣಿಸಿದ ಸರದ ಹಾಗೆ. ಗರಗಸದವನು ಮೊದಲು ಅವಳ ಕೈ ತೋರಿಸಿ "ದೇಸಿ" ಎಂದ, ಆಮೇಲೆ ನನ್ನ ಡಬ್ಬ ತೋರಿಸಿ "ವಿಲಾಯತಿ" ಎಂದ. ಆಮೇಲೆ ನಾಲಾದವರೆಗೂ ಹರಡಿದ್ದ ಮೊಳಕೆಗಳನ್ನು ಒಮ್ಮೆ ನೋಡಿ, "ಇದೆಲ್ಲಾ ನೀವೇ ಹಾಕಿದ್ದಾ ಬೀಬೀಜೀ?" ಎಂದ. ಇನ್ಸ್‌ಪೆಕ್ಟರ್ ನಗು ತಡೆಯಲು ಕಾಗದವನ್ನು ಬಾಯಿಗೆ ಅಡ್ಡ ಹಿಡಿದ. ಅದು ನನ್ನ ಅರ್ಜಿಯೇ ಆಗಿತ್ತು.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಎನ್ನುತ್ತಾರೆ. ನಾನು ಗಣಪತಿಯನ್ನು ಕಡಿಸಲು ಬರೆದು, ಅವರಪ್ಪನನ್ನು ಮುನ್ನೂರು ಕಡೆ ಪ್ರತಿಷ್ಠಾಪಿಸಿದ್ದೆ.

"ನಿಲ್ಲಿಸಿ," ಎಂದೆ. ಎರಡನೆಯ ಕೊಂಬೆಗೆ ಆಗಲೇ ಹಗ್ಗ ಬಿದ್ದಿತ್ತು. ಅದು ಹೋದರೆ ಉಳಿಯುವುದು ಬರೀ ಬೊಡ್ಡೆ.

ಇನ್ಸ್‌ಪೆಕ್ಟರ್ ನಗು ನಿಲ್ಲಿಸಿದ. "ಹೇಗೆ ನಿಲ್ಲಿಸಲಿ ಮೇಡಂ? ಜೀವಹಾನಿ ಅಂತ ನೀವೇ ಬರೆದಿದ್ದೀರಿ. ನಾಳೆ ಇದು ಯಾರ ಮೇಲಾದರೂ ಬಿದ್ದರೆ ನನ್ನ ನೌಕರಿ ಹೋಗುತ್ತೆ." ಹುಡುಗ ಹೇಳಿದ್ದು ಅಕ್ಷರಶಃ ಸರಿ, ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಬಾಯಿಮಾತು ನಡೆಯುವುದಿಲ್ಲ, ಬರೆದು ಕೊಡಿ ಎಂದ. ಭಾಭಿ ಒಂದು ಹಲಗೆಯನ್ನು ಮತ್ತೆ ಇಟ್ಟಿಗೆಯ ಮೇಲಿಟ್ಟಳು. ಸದ್ದು ಕೇಳಿ ಹೊರಗೆ ಬಂದಿದ್ದ ಕರ್ನಲ್ ಕಾಗದ, ಪೆನ್ನು ತಂದರು.

ಮೊದಲ ಸಾಲು ಹೀಗೆ ಬರೆದೆ: ಸದರಿ ಮರದ ಗುರುತಿಸುವಿಕೆಯಲ್ಲಿ ಕೆಲವು ವ್ಯತ್ಯಾಸಗಳು ಉಂಟಾಗಿರುವುದು ಈಗ ಗಮನಕ್ಕೆ ಬಂದಿರುತ್ತದೆ. ಇನ್ಸ್‌ಪೆಕ್ಟರ್ ಓದಿ, "ಯಾರು ಮಾಡಿದ್ದು ಅಂತ ಬರಲಿಲ್ಲವಲ್ಲ ಮೇಡಂ?" ಎಂದ. ಎರಡನೆಯ ಕಾಗದದಲ್ಲಿ ತಪ್ಪನ್ನು ಉಪನ್ಯಾಸಕಾರರ ಮೇಲೆ ಅರ್ಧ, ಬಸ್ ಕಂಡಕ್ಟರನ ಮೇಲೆ ಅರ್ಧ ಹಂಚಲು ನೋಡಿದೆ. ಕರ್ನಲ್ ನನ್ನ ಹೆಗಲ ಮೇಲಿಂದ ಓದುತ್ತಿದ್ದವರು ಮೆಲ್ಲಗೆ, "ಮೇಡಂ, ಹಗ್ಗ ಕಟ್ಟಿದೆ" ಎಂದರು. ಮೇಲೆ ನೋಡಿದೆ. ಭಾಭಿಯೂ ಮೇಲೆಯೇ ನೋಡುತ್ತಿದ್ದಳು. ಮೂರನೆಯ ಕಾಗದದಲ್ಲಿ ಬರೆದೆ: ನನಗೆ ಮರ ಗುರುತಿಸಲು ಬರುವುದಿಲ್ಲ. ತಪ್ಪು ನನ್ನದು. ಮರ ಬೀಳುವ ಹಾಗಿಲ್ಲ, ಅರ್ಜಿ ಬೇಗ ಸಾಗಲೆಂದು ನಾನು ಹಾಗೆ ಬರೆದೆ. ಮುಂದೆ ಅದರಿಂದ ಏನಾದರೂ ಆದರೆ ಹೊಣೆ ನನ್ನದು. ಇದರಲ್ಲಿ ಒಂದು ವಾಕ್ಯವನ್ನೂ ಮೂವತ್ತಮೂರು ವರ್ಷದಲ್ಲಿ ನಾನು ಯಾವ ಕಡತದ ಮೇಲೂ ಬರೆದಿರಲಿಲ್ಲ. ಸಹಿ ಹಾಕಿದೆ.

"ಏನು ಬರೆದ್ರಿ? ಓದಿ ದೀದಿ," ಎಂದಳು ಭಾಭಿ. ಅವಳಿಗೆ ಓದಲು ಬರುವುದಿಲ್ಲ. ಲಾರಿಯ ಆಳುಗಳು, ವಾಚ್‌ಮನ್, ಹಾಲಿಗೆ ಬಂದವರು ಎಲ್ಲರ ಎದುರು ಗಟ್ಟಿಯಾಗಿ ಓದಿದೆ. ಅವಳು ಕೊನೆಯವರೆಗೂ ಕೇಳಿದಳು.

"ನಿನಗೆ ಗೊತ್ತಿತ್ತಲ್ಲ. ಯಾಕೆ ಹೇಳಲಿಲ್ಲ?" ಎಂದು ಕೇಳಿದೆ, ಈಗಲೂ ಯಾರಾದರೊಬ್ಬರ ತಪ್ಪು ಸಿಗಲಿ ಎಂಬ ಆಸೆಯಿಂದ.

"ಕೀಕರ್ ಅಂತ ಹೇಳಿದ್ನಲ್ಲ. ಬರೀ ಕೀಕರ್ ಅಂದ್ರೆ ನಮಗೆ ಇದೇ ಮರ. ನೀವು ಬೇರೇನೋ ಅಂದ್ರಿ. ಓದಿದವರು, ಸರ್ಕಾರದಲ್ಲಿ ಇದನ್ನ ಹಾಗೇ ಕರೀತಾರೇನೋ ಅಂದುಕೊಂಡೆ."

ಹಗ್ಗ ಬಿಚ್ಚಿದರು. ಬಿದ್ದ ಕೊಂಬೆಯನ್ನು ತುಂಡು ಮಾಡಿ ಲಾರಿಗೆ ಹಾಕಿಕೊಂಡು ಹೋದರು. ಆಮೇಲಿನ ಹದಿನೈದು ದಿನ ನಾನು, ಗಂಡ, ಕರ್ನಲ್ ನಾವೇ ಬಿತ್ತಿದ್ದನ್ನು ಕಿತ್ತೆವು. ಮೇಲೆ ಗೇಣುದ್ದದ ಗಿಡ, ಕೆಳಗೆ ಮೊಳದುದ್ದದ ಬೇರು. ಎಷ್ಟು ಬೀಜದುಂಡೆ ಎಲ್ಲಿ ಬಿತ್ತೆಂಬ ಲೆಕ್ಕ ಕರ್ನಲರ ನಕ್ಷೆಯಲ್ಲಿದ್ದರೂ ಗಿಡಗಳು ಆ ನಕ್ಷೆಯನ್ನು ಪಾಲಿಸಿರಲಿಲ್ಲ. ಬೆರಳುಗಳಿಗೆಲ್ಲ ಮುಳ್ಳು ಹೊಕ್ಕು ನಾನು ಚಪಾತಿ ಲಟ್ಟಿಸಲಾರದೆ ಹೋದೆ. ಗಂಡ ಭುಜಕ್ಕೆ ಬೆಲ್ಟು ಹಾಕಿಕೊಂಡು ಒಂದೊಂದು ಗಿಡ ಕಿತ್ತಾಗಲೂ "ಗಮನಕ್ಕೆ ಬಂದಿದೆ, ಸೂಕ್ತ ಕ್ರಮ ಕೈಗೊಳ್ಳಲಾಗಿದೆ" ಎನ್ನುತ್ತಿದ್ದರು. ಕಿತ್ತಷ್ಟೂ ಇನ್ನೂ ಇರುತ್ತಿದ್ದವು. ನಾನು ಹುಟ್ಟಿದ ಮೇಲೆ ಬಿತ್ತಿದ್ದರಲ್ಲಿ ಇಷ್ಟು ಚೆನ್ನಾಗಿ ಬಂದದ್ದು ಇದೊಂದೇ ಬೆಳೆ.

ನಾಚಿಕೆ ಇಷ್ಟರಲ್ಲೇ ತೀರಿದ್ದರೆ ಅದನ್ನು ಕೂಟಗಳಲ್ಲಿ ತಮಾಷೆಯಾಗಿ ಹೇಳಿಕೊಂಡು ತಿರುಗಬಹುದಿತ್ತು. ಹೇಳಿಕೊಂಡೂ ಇದ್ದೇನೆ. ಜನ ನಗುತ್ತಾರೆ, ನಾನೂ ನಗುತ್ತೇನೆ. ಕೊಂಬೆಯ ವಿಷಯ ಮಾತ್ರ ಅಲ್ಲಿ ಹೇಳುವುದಿಲ್ಲ.

ಸೆಪ್ಟೆಂಬರಿನಲ್ಲಿ ಮಳೆ ಹಿಂದೆ ಸರಿದ ಮೇಲೆ ಬಿಸಿಲು ಚುರುಕಾಯಿತು. ಕರ್ನಲ್ ತಮ್ಮಲ್ಲಿದ್ದ ದೊಡ್ಡ ಟಾರ್ಪಾಲನ್ನು ತಂದು ಮೇಜಿನ ಮೇಲೆ ಕ್ರಮಬದ್ಧವಾಗಿ ಕಟ್ಟಿಕೊಟ್ಟರು. ಕೆಂಡದ ಬಿಸಿ ಅದರಡಿಯಲ್ಲೇ ನಿಂತು ಒಲೆಯೊಳಗೆ ನಿಂತ ಹಾಗಾಗುತ್ತದೆಂದು ಭಾಭಿ ಎರಡನೆಯ ದಿನವೇ ಬಿಚ್ಚಿ, ನೀಟಾಗಿ ಮಡಿಸಿ, ಹಿಂದಕ್ಕೆ ಕಳಿಸಿದಳು. ನಾನು ಬಟ್ಟೆ ಕೊಡಲು ಬೆಳಿಗ್ಗೆಯೇ ಹೋಗಿಬರುತ್ತಿದ್ದೆ. ಮಧ್ಯಾಹ್ನ ಆ ಕಡೆ ಹೋಗಲು ಧೈರ್ಯವಿರಲಿಲ್ಲ. ಒಂದು ದಿನ ಅರ್ಜೆಂಟಾಗಿ ಸೀರೆ ಬೇಕಾಗಿ ಮೂರು ಗಂಟೆಗೆ ಇಳಿಯಲೇಬೇಕಾಯಿತು.

"ಆ ಕೊಂಬೆ ಮತ್ತೆ ಬರುತ್ತಾ ಭಾಭಿ?" ಎಂದು ಕೇಳಿದೆ. ಮರದ ವಿಷಯವಾಗಿ ನಾನು ಯಾರನ್ನಾದರೂ ಕೇಳಿದ್ದು ಅದೇ ಮೊದಲು.

"ಬರುತ್ತೆ. ಮೂರು ಬೇಸಿಗೆ ಹೋಗಬೇಕು," ಎಂದಳು.

ಮರದಲ್ಲಿ ಉಳಿದಿದ್ದ ಕೊಂಬೆ ಅರ್ಧ ಮೇಜಿಗೆ ಮಾತ್ರ ನೆರಳು ಕೊಡುತ್ತಿತ್ತು. ಬಿಸಿಲಿಗೆ ಬಣ್ಣ ಹೋಗುತ್ತದೆಂದು ಆ ಅರ್ಧದಲ್ಲಿ ಅವಳು ನಮ್ಮೆಲ್ಲರ ಬಟ್ಟೆ ಪೇರಿಸಿಟ್ಟಿದ್ದಳು, ನನ್ನ ಸೀರೆ ಎಲ್ಲಕ್ಕಿಂತ ಮೇಲಿತ್ತು. ಉಳಿದ ಅರ್ಧದಲ್ಲಿ, ತಲೆಯ ಮೇಲೆ ಒದ್ದೆ ಟವೆಲು ಹಾಕಿಕೊಂಡು, ಅವಳು ನಿಂತಿದ್ದಳು.